ಮಜ್ದಾ: ಎರಡು ಮಿಲಿಮೀಟರಿನ ಹಠ

ಅವರು ನನ್ನ ಅಂಗೈಯಲ್ಲಿಟ್ಟ ಲೋಹದ ಪಟ್ಟಿಗೆ ಹೇಳಿಕೊಳ್ಳುವಂಥ ತೂಕವೇ ಇರಲಿಲ್ಲ. ಉದ್ದ 8 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಹಿರೋಷಿಮಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ನಾಲ್ಕು ವರ್ಷಗಳಿಂದ ಅದನ್ನೇ ಮಾಡುತ್ತಿರುವುದರಿಂದ ಕೈಗೆ ಬಂದದ್ದನ್ನು ಮೊದಲು ಬೆರಳಿನಿಂದ ಸವರಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಪಟ್ಟಿಯ ಒಂದು ಅಂಚು ದುಂಡಗೆ, ನುಣುಪಾಗಿತ್ತು. ನಡುವೆ ಒಂದು ಕಡೆ ಮಾತ್ರ ಕಣ್ಣಿಗೆ ಕಾಣದ, ಉಗುರಿಗೆ ತಗಲುವ ಸಣ್ಣ ಕಚ್ಚು. "ಇಷ್ಟು ಸಾಕು" ಎಂದರು ಗ್ಯಾರೇಜಿನ ಯಜಮಾನರು. "ಇದೊಂದು ಸೋತರೆ ಎಂಜಿನ್ನೇ ಸೋತಂತೆ."

ಎಪ್ಪತ್ತು ದಾಟಿದ ಅವರು ಇವತ್ತಿಗೂ ಜಪಾನಿನ ಕಾರು ಕಂಪನಿ ಮಜ್ದಾದ ಹಳೆಯ ರೋಟರಿ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುತ್ತಾರೆ. ಕಾರಿನ ಎಣ್ಣೆ ಬದಲಿಸಿಕೊಂಡು ಹೋಗೋಣವೆಂದು ಹೋದ ನಾನು ಮಧ್ಯಾಹ್ನವೆಲ್ಲ ಅಲ್ಲೇ ಕಳೆದೆ.

ಆ ಪಟ್ಟಿಯ ಹೆಸರು ಅಪೆಕ್ಸ್ ಸೀಲ್. ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ರೋಟರಿಯಲ್ಲಿ ಪಿಸ್ಟನ್ ಇಲ್ಲ, ಕವಾಟಗಳೂ ಇಲ್ಲ. ಇರುವುದು ರೇಷ್ಮೆಗೂಡಿನ ಆಕಾರದ ಒಂದು ಕೋಣೆ, ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದಂಥ ಒಂದು ರೋಟರ್. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ತಿರುಗಿರುತ್ತದೆ. ಗಾಳಿ ಮತ್ತು ಇಂಧನವನ್ನು ಹೀರುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು ಎಲ್ಲವೂ ಅದರ ಮೂರು ಬದಿಗಳಲ್ಲಿ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಒಂದು ಬದಿಯ ಉರಿ ಇನ್ನೊಂದು ಬದಿಗೆ ನುಗ್ಗಬಾರದು ಎಂದರೆ ಮೂರೂ ಮೂಲೆಗಳು ಗೋಡೆಯನ್ನು ಒಂದು ಕ್ಷಣವೂ ಬಿಡದೆ ಸವರುತ್ತಿರಬೇಕು. ಆ ಮೂಲೆಗಳಲ್ಲಿ ಕೂರುವುದು ಈ ಪಟ್ಟಿ. ಜಗತ್ತಿನ ದೊಡ್ಡ ದೊಡ್ಡ ಕಾರು ಕಂಪನಿಗಳು ಒಂದು ಕಾಲಕ್ಕೆ ಈ ಎಂಜಿನ್‌ನ ಬೆನ್ನು ಹತ್ತಿದ್ದವು. ಒಂದೊಂದಾಗಿ ಕೈಬಿಟ್ಟವು. ಮಜ್ದಾ ಬಿಡಲಿಲ್ಲ. ಅದರ ಒಳ್ಳೆಯ ಹೆಸರಿಗೂ ಕೆಟ್ಟ ಹೆಸರಿಗೂ ಮೂಲ ಇಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಈ ಕಂಪನಿ ಶುರುವಾದದ್ದು ಎಂಜಿನ್‌ನಿಂದಲೂ ಅಲ್ಲ, ಚಕ್ರದಿಂದಲೂ ಅಲ್ಲ, ಬಿರಡೆಯಿಂದ. 1920ರಲ್ಲಿ ಹಿರೋಷಿಮಾದಲ್ಲಿ ಹುಟ್ಟಿದ 'ತೋಯೋ ಕಾರ್ಕ್ ಕೋಗ್ಯೋ' ಮರದ ತೊಗಟೆಯಿಂದ ಕಾರ್ಕ್ ತಯಾರಿಸುತ್ತಿತ್ತು. ಮರುವರ್ಷ ಅದರ ಹೊಣೆ ಹೊತ್ತ ಜುಜಿರೊ ಮತ್ಸುದಾ 1927ರಲ್ಲಿ ಹೆಸರಿನಿಂದ ಕಾರ್ಕ್ ಪದವನ್ನು ತೆಗೆದುಹಾಕಿ ಯಂತ್ರೋಪಕರಣಗಳತ್ತ ತಿರುಗಿದರು. 1931ರಲ್ಲಿ 'ಮಜ್ದಾ-ಗೋ' ಎಂಬ ಮೂರು ಚಕ್ರದ ಸರಕು ವಾಹನ ಹೊರಬಂತು. ಮುಂದೆ ಮೋಟಾರ್ ಸೈಕಲ್, ಹಿಂದೆ ಲಾರಿಯ ತೊಟ್ಟಿ ಎನ್ನುವ ಹಾಗಿದೆ ಅದರ ರೂಪ.

ಮಜ್ದಾ ಎಂಬ ಹೆಸರಿಗೆ ಎರಡು ಬೇರುಗಳು. ಒಂದು ಜುಜಿರೊ ಅವರ ಮನೆತನದ ಹೆಸರು. ಜಪಾನಿ ಲಿಪಿಯಲ್ಲಿ ಇವತ್ತಿಗೂ ಕಾರಿನ ಹೆಸರನ್ನು 'ಮತ್ಸುದಾ' ಎಂದೇ ಬರೆಯುತ್ತಾರೆ. ಇನ್ನೊಂದು ಪಾರಸಿಗಳ ಜ್ಞಾನದೇವತೆ ಅಹುರ ಮಜ್ದಾ. ಅವೆಸ್ತಾ ಭಾಷೆಯ 'ಮಜ್ದಾ' ಸಂಸ್ಕೃತದ 'ಮೇಧಾ' ಪದಕ್ಕೆ ಸೋದರ ಎಂದು ತಿಳಿದ ದಿನ ನನಗೆ ಈ ಹೆಸರು ಇದ್ದಕ್ಕಿದ್ದಂತೆ ಮನೆಯದೆನಿಸಿತು. ನಾವು ಮೇಧಾವಿ ಎನ್ನುವಾಗ ಬಳಸುವ ಪದವೇ ಇಲ್ಲಿ ಕಾರಿನ ಮೂತಿಯ ಮೇಲಿದೆ.

1945ರ ಆಗಸ್ಟ್ 6 ಜುಜಿರೊ ಮತ್ಸುದಾ ಅವರ 70ನೇ ಹುಟ್ಟುಹಬ್ಬ. ಆ ಬೆಳಿಗ್ಗೆ ಏನಾಯಿತೆಂದು ಬರೆಯಬೇಕಾಗಿಲ್ಲ. ಕಾರ್ಖಾನೆ ಇದ್ದದ್ದು ನಗರದ ಅಂಚಿನ ಫುಚುವಿನಲ್ಲಿ, ಬಾಂಬ್ ಸಿಡಿದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರ. ನಡುವೆ ಹಿಜಿಯಾಮಾ ಎಂಬ ಸಣ್ಣ ಗುಡ್ಡ. ಗುಡ್ಡ ಅಡ್ಡ ನಿಂತದ್ದರಿಂದ ಕಟ್ಟಡಗಳು ಉಳಿದವು. ನಾನು ಆ ಗುಡ್ಡ ಹತ್ತಿ ಎರಡೂ ಕಡೆ ನೋಡಿದ್ದೇನೆ. ಐದಾರು ನಿಮಿಷದಲ್ಲಿ ತುದಿ ಮುಟ್ಟುವಷ್ಟು ಚಿಕ್ಕದು. ಒಂದು ಊರಿನ ಬದುಕು ಇಷ್ಟು ಚಿಕ್ಕ ಮಣ್ಣಿನ ದಿಬ್ಬದ ಮರೆಯಲ್ಲಿ ಉಳಿಯಿತಲ್ಲ ಎಂದು ಅಲ್ಲಿ ನಿಂತಾಗ ಗಂಟಲು ಕಟ್ಟಿತು. ಉಳಿದ ಆ ಕಟ್ಟಡಗಳಿಗೆ ಪ್ರಾಂತ್ಯದ ಸರ್ಕಾರಿ ಕಚೇರಿಗಳು ಬಂದು ಸೇರಿದವು. ಮರುವರ್ಷದವರೆಗೂ ಹಿರೋಷಿಮಾದ ಆಡಳಿತ ನಡೆದದ್ದು ಒಂದು ವಾಹನ ಕಾರ್ಖಾನೆಯೊಳಗಿನಿಂದ. 1945ರ ಡಿಸೆಂಬರ್‌ನಲ್ಲಿಯೇ ಮೂರು ಚಕ್ರದ ವಾಹನಗಳು ಮತ್ತೆ ತಯಾರಾಗತೊಡಗಿದವು. ಸುಟ್ಟ ಊರನ್ನು ಮತ್ತೆ ಕಟ್ಟಲು ಸಾಮಾನು ಹೊರುವ ವಾಹನ ಬೇಕಿತ್ತು. ಈ ಊರಿನವರು ಮಜ್ದಾದ ಬಗ್ಗೆ ಮಾತನಾಡುವಾಗ ದನಿಯಲ್ಲಿ ಬರುವ ಆ ಸಲುಗೆ ಎಲ್ಲಿಂದ ಬಂತೆಂದು ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

1960ರಲ್ಲಿ ಆರ್360 ಎಂಬ ಪುಟ್ಟ ಕಾರು ಬಂತು. 356 ಸಿಸಿ ಎಂಜಿನ್, ಬೆಲೆ 3 ಲಕ್ಷ ಯೆನ್. ಅದೇ ಹೊತ್ತಿಗೆ ಜಪಾನಿನ ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯ ದೇಶದ ಕಾರು ಕಂಪನಿಗಳನ್ನು ಕೆಲವೇ ಗುಂಪುಗಳಾಗಿ ಸೇರಿಸುವ ಯೋಚನೆಯಲ್ಲಿತ್ತು. ತಮ್ಮದೇ ಎನ್ನುವ ತಂತ್ರಜ್ಞಾನ ಇಲ್ಲದಿದ್ದರೆ ಇನ್ನೊಬ್ಬರ ಹೊಟ್ಟೆ ಸೇರಬೇಕಾಗುತ್ತದೆ ಎಂಬುದು ಆಗಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ಅವರಿಗೆ ಸ್ಪಷ್ಟವಿತ್ತು. ಅವರು ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲ್ ಅವರ ಹೆಸರಿನ ರೋಟರಿ ಎಂಜಿನ್‌ಗೆ 1961ರಲ್ಲಿ ಪರವಾನಗಿ ಪಡೆದರು.

ತಂದು ಓಡಿಸಿ ನೋಡಿದರೆ ಒಳಗೋಡೆಯ ಮೇಲೆ ಅಲೆ ಅಲೆಯಾದ ಗೀರುಗಳು. ಸೀಲ್ ಗೋಡೆಯನ್ನು ನುಣ್ಣಗೆ ಸವರುವ ಬದಲು ನಡುಗುತ್ತ, ಕುಪ್ಪಳಿಸುತ್ತ ಹೋಗಿ ಗಟ್ಟಿ ಲೇಪನವನ್ನು ಕೆರೆದು ಹಾಕುತ್ತಿತ್ತು. ಎಂಜಿನಿಯರ್‌ಗಳು ಅದನ್ನು 'ದೆವ್ವದ ಉಗುರಿನ ಗುರುತು' ಎಂದು ಕರೆದರು. ಅದನ್ನು ಹೋಗಲಾಡಿಸುವ ಹೊಣೆ ಬಿದ್ದದ್ದು ಕೆನಿಚಿ ಯಾಮಾಮೊಟೊ ಅವರ ಮೇಲೆ. ಟೋಕಿಯೊದಲ್ಲಿ ಎಂಜಿನಿಯರಿಂಗ್ ಓದಿದ್ದರೂ ಯುದ್ಧ ಮುಗಿದ ಮೇಲೆ ಇದೇ ಕಾರ್ಖಾನೆಯಲ್ಲಿ ಕಾರ್ಮಿಕರಾಗಿ ಗೇರ್‌ಬಾಕ್ಸ್ ಜೋಡಿಸಿದ ಮನುಷ್ಯ ಅವರು. 1963ರಲ್ಲಿ ಅವರ ಕೈಕೆಳಗೆ 47 ಜನರ ತಂಡ ನಿಂತಿತು. 47 ಎಂದರೆ ಜಪಾನೀಯರಿಗೆ ಬೇರೆ ವಿವರಣೆ ಬೇಕಿಲ್ಲ. ಒಡೆಯನಿಗಾಗಿ ಪ್ರಾಣ ಕೊಟ್ಟ 47 ಸಮುರಾಯ್‌ಗಳ ಕಥೆ ಎಲ್ಲರಿಗೂ ಗೊತ್ತು. ಸೀಲ್‌ಗಾಗಿ ಸಿಕ್ಕ ಸಿಕ್ಕ ವಸ್ತುವನ್ನೆಲ್ಲ ಪರೀಕ್ಷಿಸಿದರು, ದನದ ಮತ್ತು ಕುದುರೆಯ ಮೂಳೆಯನ್ನು ಸಹ. ಸೀಲ್‌ನಲ್ಲಿ ಅಡ್ಡಡ್ಡ ರಂಧ್ರ ಕೊರೆದು ಅದು ನಡುಗುವ ಲಯವನ್ನೇ ಬದಲಿಸಿ ನೋಡಿದರು. ಗೀರು ಮಾಯವಾಯಿತು. ಕೊನೆಗೆ ಇಂಗಾಲಕ್ಕೆ ಅಲ್ಯೂಮಿನಿಯಂ ತುಂಬಿಸಿ ಮಾಡಿದ ಸೀಲ್ ಬಾಳಿಕೆ ಬಂತು. 1967ರ ಮೇ ತಿಂಗಳಲ್ಲಿ ಎರಡು ರೋಟರ್‌ಗಳ 'ಕಾಸ್ಮೊ ಸ್ಪೋರ್ಟ್' ಮಾರುಕಟ್ಟೆಗೆ ಬಂತು. ಮರುವರ್ಷ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಓಟದಲ್ಲಿ ಒಂದು ಕಾಸ್ಮೊ ನಾಲ್ಕನೆಯದಾಗಿ ಮುಗಿಸಿತು. ಪರವಾನಗಿ ಕೊಟ್ಟ ಎನ್‌ಎಸ್‌ಯು ಮಾತ್ರ ತನ್ನದೇ ರೋಟರಿ ಕಾರಿನ ಎಂಜಿನ್‌ಗಳನ್ನು ಬದಲಿಸಿಕೊಟ್ಟು ಕೊಟ್ಟು ಸೊರಗಿ, 1969ರಲ್ಲಿ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಸೇರಿತು.

ರೋಟರಿಯ ದೋಷ ಅದರ ಹುಟ್ಟಿನಲ್ಲಿಯೇ ಇದೆ. ಉರಿಯುವ ಜಾಗ ಉದ್ದವಾಗಿ, ತೆಳ್ಳಗಿರುವುದರಿಂದ ಬೆಂಕಿ ಮೂಲೆ ಮೂಲೆಯನ್ನೂ ಮುಟ್ಟುವುದಿಲ್ಲ. ಒಂದಷ್ಟು ಪೆಟ್ರೋಲ್ ಉರಿಯದೆಯೇ ಹೊರಬರುತ್ತದೆ. ಸೀಲ್ ಒಣಗಬಾರದೆಂದು ಸ್ವಲ್ಪ ಎಣ್ಣೆಯನ್ನೂ ಒಳಗೆ ಬಿಡಬೇಕು, ಆದ್ದರಿಂದ ಎಣ್ಣೆಯೂ ಖರ್ಚಾಗುತ್ತದೆ. ತಣ್ಣಗಿರುವಾಗ ಚಾಲೂ ಮಾಡಿ ನಾಲ್ಕು ಮೀಟರ್ ಸರಿಸಿ ನಿಲ್ಲಿಸಿಬಿಟ್ಟರೆ ಒಳಗೆ ಪೆಟ್ರೋಲ್ ಕಟ್ಟಿಕೊಂಡು ಮತ್ತೆ ಚಾಲೂ ಆಗಲು ಹಠ ಮಾಡಬಹುದು. 1973ರ ತೈಲ ಬಿಕ್ಕಟ್ಟು ಬಂದಾಗ ಇಂಥ ಎಂಜಿನ್ ನಂಬಿಕೊಂಡ ಕಂಪನಿಯ ಗತಿ ಏನಾಗಬೇಕು? ಅಮೆರಿಕದಲ್ಲಿ ಮಾರಾಟ ಕುಸಿಯಿತು. ಬ್ಯಾಂಕಿನವರು ಬಂದು ಕೂತರು. ಕಾರ್ಖಾನೆಯ ಕೆಲಸಗಾರರನ್ನು ಮನೆಗೆ ಕಳಿಸುವ ಬದಲು ಕಾರು ಮಾರಲು ಊರೂರಿಗೆ ಕಳಿಸಿದರು.

ಹಾಗೆ ಹೋದವರಲ್ಲಿ ನಮ್ಮ ಗ್ಯಾರೇಜಿನ ಯಜಮಾನರೂ ಒಬ್ಬರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. "ಎಂಜಿನ್ ಜೋಡಿಸುವ ಕೈಗೆ ಬಾಗಿಲು ತಟ್ಟುವುದು ಗೊತ್ತಿರಲಿಲ್ಲ" ಎಂದರು. ಬಾಗಿಲು ತೆರೆದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆಯಂತೆ: ಪೆಟ್ರೋಲ್ ಕುಡಿಯುವ ಕಾರಲ್ಲವೇ ಅದು? ಅವರು ಸುಳ್ಳು ಹೇಳಲಿಲ್ಲವಂತೆ. ಕುಡಿಯುತ್ತದೆ, ಅದನ್ನು ಸರಿಪಡಿಸುತ್ತಿದ್ದೇವೆ ಎಂದು ಹೇಳಿ ಬಗ್ಗಿ ನಮಸ್ಕರಿಸಿ ಮುಂದಿನ ಮನೆಗೆ ಹೋಗುತ್ತಿದ್ದರಂತೆ. ಅದು ನಿಜವೂ ಆಗಿತ್ತು. ಯಾಮಾಮೊಟೊ ಅವರ ತಂಡ ಇಂಧನ ಬಳಕೆಯನ್ನು ಶೇ. 40ರಷ್ಟು ಸುಧಾರಿಸುವ ಗುರಿಯಿಟ್ಟು 'ಫೀನಿಕ್ಸ್' ಯೋಜನೆ ಹಿಡಿದು ಕೂತಿತ್ತು. ಅದರ ಫಲವಾಗಿ 1978ರಲ್ಲಿ ರೋಟರಿಯ ಹೊಸ ಕಾರು ಆರ್‌ಎಕ್ಸ್-7 ಬಂತು. ಮರುವರ್ಷ ಫೋರ್ಡ್ ಕಂಪನಿ ಶೇ. 25ರಷ್ಟು ಪಾಲು ಕೊಂಡಿತು.

ಮಜ್ದಾಕ್ಕೆ ಜಪಾನಿನೊಳಗೆ ಬಂದ ಇನ್ನೊಂದು ಕೆಟ್ಟ ಹೆಸರಿಗೆ ರೋಟರಿ ಕಾರಣವಲ್ಲ, ದುರಾಸೆ ಕಾರಣ. ಹಣ ಹರಿದಾಡುತ್ತಿದ್ದ 1980ರ ದಶಕದ ಕೊನೆಯಲ್ಲಿ ಒಂದೇ ಕಂಪನಿ ಐದು ಹೆಸರಿನ ಮಾರಾಟ ಜಾಲಗಳನ್ನು ತೆರೆದು ಕೂತಿತು. ಆರ್ಥಿಕತೆ ಕುಸಿದಾಗ ಕಾರುಗಳನ್ನು ಭಾರಿ ರಿಯಾಯಿತಿಯಲ್ಲಿ ಮಾರಬೇಕಾಯಿತು. ಹೊಸದನ್ನೇ ಅಗ್ಗಕ್ಕೆ ಕೊಟ್ಟರೆ ಹಳೆಯದಕ್ಕೆ ಬೆಲೆ ಎಲ್ಲಿಂದ ಬರಬೇಕು? ಬೇರೆ ಕಂಪನಿಯ ಅಂಗಡಿಯಲ್ಲಿ ಹಳೆಯ ಮಜ್ದಾಕ್ಕೆ ಕವಡೆ ಕಿಮ್ಮತ್ತು. ಒಂದಿಷ್ಟು ಬೆಲೆ ಬೇಕೆಂದರೆ ಮತ್ತೆ ಮಜ್ದಾದವರಿಗೇ ಕೊಟ್ಟು ಇನ್ನೊಂದು ಮಜ್ದಾವನ್ನೇ ಕೊಳ್ಳಬೇಕು. ಇದಕ್ಕೆ ಜನ ಇಟ್ಟ ಹೆಸರು 'ಮತ್ಸುದಾ ಜಿಗೊಕು', ಎಂದರೆ ಮಜ್ದಾ ನರಕ. 1996ರಲ್ಲಿ ಫೋರ್ಡ್ ತನ್ನ ಪಾಲನ್ನು ಮೂರನೇ ಒಂದಕ್ಕೆ ಏರಿಸಿ ತನ್ನವರೇ ಆದ ಹೆನ್ರಿ ವ್ಯಾಲೇಸ್ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಕಾರ್ಕ್ ಕಾಲದಿಂದ ಯಾರ ಹೊಟ್ಟೆಯನ್ನೂ ಸೇರದೆ ಉಳಿದ ಕಂಪನಿಗೆ ಅದು ಕಹಿ ಗಳಿಗೆ. 2015ರ ಹೊತ್ತಿಗೆ ಫೋರ್ಡ್ ತನ್ನ ಪಾಲನ್ನೆಲ್ಲ ಮಾರಿ ಹೊರಟುಹೋಯಿತು.

ಆ ಹುಚ್ಚು ಕಾಲದಲ್ಲಿಯೇ ಅತ್ಯುತ್ತಮವಾದದ್ದೂ ಹುಟ್ಟಿತು. 1989ರ ರೋಡ್‌ಸ್ಟರ್ ಕಾರಿಗೆ ಎರಡೇ ಆಸನ, 1600 ಸಿಸಿಯ ಸಾಧಾರಣ ಎಂಜಿನ್, ಒಂದು ಟನ್‌ಗೂ ಕಡಿಮೆ ತೂಕ. ಅದನ್ನು ರೂಪಿಸಿದ ತೊಷಿಹಿಕೊ ಹಿರಾಯ್ ಅವರ ತಂಡ ಹಿಡಿದುಕೊಂಡ ಮಾತು 'ಜಿಂಬಾ ಇತ್ತಾಯ್': ಕುದುರೆಯೂ ಸವಾರನೂ ಒಂದೇ ದೇಹ. ನನ್ನ ಬಳಿ ಇರುವುದು ಆ ಮೊದಲ ತಲೆಮಾರಿನದೇ, ನನ್ನ ಕೈಗೆ ಬಂದಾಗಲೇ ಮುದಿಯಾಗಿತ್ತು. ಗೇರ್ ಕೋಲು ಮಣಿಕಟ್ಟು ತಿರುಗಿಸಿದಷ್ಟಕ್ಕೇ ಬೀಳುತ್ತದೆ. ದೀಪ ಹಾಕಿದರೆ ಮುಚ್ಚಿದ ರೆಪ್ಪೆಗಳು ತೆರೆದಂತೆ ದೀಪಗಳು ಮೇಲೇಳುತ್ತವೆ. ಈ ಸಾಲಿನ 10 ಲಕ್ಷದ ಕಾರು 2016ರಲ್ಲಿ ತಯಾರಾಯಿತು. ಒನೊಮಿಚಿಯಿಂದ ದ್ವೀಪಗಳ ಸೇತುವೆಗಳ ಮೇಲೆ ಇಮಾಬಾರಿಯವರೆಗೆ ಇದನ್ನು ಓಡಿಸಿದ ಆ ಅಕ್ಟೋಬರ್ ಬೆಳಿಗ್ಗೆ ನನ್ನ ಬದುಕಿನ ಒಳ್ಳೆಯ ಬೆಳಿಗ್ಗೆಗಳಲ್ಲೊಂದು.

ಇನ್ನು 1991ರ ಲೆ ಮಾನ್. ಫ್ರಾನ್ಸಿನ ಆ 24 ಗಂಟೆಗಳ ಓಟದಲ್ಲಿ ಕಿತ್ತಳೆ ಹಸಿರು ಬಣ್ಣದ 55ನೇ ಸಂಖ್ಯೆಯ, ಮಜ್ದಾದ ರೋಟರಿ ಎಂಜಿನ್‌ನ ಓಟದ ಕಾರು 787ಬಿ ಓಡಿತು. ನಾಲ್ಕು ರೋಟರ್, ಸೆರಾಮಿಕ್ ಸೀಲ್‌ಗಳು. ಮುಂದಿದ್ದ ಮರ್ಸಿಡಿಸ್ ಸುಮಾರು ಮೂರು ಗಂಟೆ ಉಳಿದಿರುವಾಗ ನಿಂತುಹೋಯಿತು. ಮಜ್ದಾ 362 ಸುತ್ತು ಪೂರೈಸಿ ಗೆದ್ದಿತು. ಕೊನೆಯ ಸರದಿ ಓಡಿಸಿದ ಜಾನಿ ಹರ್ಬರ್ಟ್ ನೀರಿನಂಶ ಕಳೆದುಕೊಂಡು ಕುಸಿದು, ವಿಜಯವೇದಿಕೆ ಹತ್ತಲೂ ಆಗಲಿಲ್ಲ. ಆ ಓಟ ಗೆದ್ದ ಮೊದಲ ಜಪಾನಿ ಕಂಪನಿ ಅದು. ಎರಡನೆಯದಾಗಿ ಟೊಯೊಟಾ ಗೆಲ್ಲಲು 2018ರವರೆಗೆ ಕಾಯಬೇಕಾಯಿತು. ಓಟ ಮುಗಿದ ಮೇಲೆ ಎಂಜಿನ್ ಬಿಚ್ಚಿ ನೋಡಿದರೆ ಒಳಗೆಲ್ಲ ಸುಸ್ಥಿತಿ. ಇದನ್ನು ಹೇಳುವಾಗ ಯಜಮಾನರು ತಮ್ಮ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದ್ದರು.

2012ರಲ್ಲಿ ರೋಟರಿ ಕಾರು ಆರ್‌ಎಕ್ಸ್-8ರ ತಯಾರಿಕೆ ನಿಂತಾಗ ರೋಟರಿಯ ಕಥೆ ಮುಗಿಯಿತೆಂದುಕೊಂಡವರೇ ಹೆಚ್ಚು. 2023ರಲ್ಲಿ ಅದು ಮತ್ತೆ ಬಂದಿದೆ, ಈ ಸಲ ಚಕ್ರ ತಿರುಗಿಸಲು ಅಲ್ಲ. ವಿದ್ಯುತ್ ಕಾರಿನೊಳಗೆ ಕೂತು ಬ್ಯಾಟರಿಗೆ ವಿದ್ಯುತ್ ಒದಗಿಸಲು. 830 ಸಿಸಿಯ ಒಂದೇ ರೋಟರ್.

ನಾವು ಮಾತನಾಡುತ್ತಿದ್ದಾಗಲೇ ರಿಪೇರಿ ಮುಗಿದಿದ್ದ ಒಂದು ಆರ್‌ಎಕ್ಸ್-7 ತೆಗೆದುಕೊಂಡು ಹೋಗಲು ಅದರ ಒಡೆಯ ಬಂದ, ಇಪ್ಪತ್ತೈದರ ಹುಡುಗ. ಕೀಲಿ ತಿರುಗಿಸಿದ. ಒಮ್ಮೆ ಕೆಮ್ಮಿ, ಆಮೇಲೆ ಜೇನುಗೂಡಿನ ಹಾಗೆ ಒಂದೇ ಎಳೆಯ ಗುಂಯ್‌ಗುಟ್ಟುವಿಕೆ. ಹುಡುಗನ ಮುಖ ಅರಳಿತು. ಸಾಕೆಂದು ಆರಿಸಲು ಕೀಲಿಗೆ ಕೈ ಹಾಕಿದ. ಯಜಮಾನರು ಕಿಟಕಿಯೊಳಗೆ ಕೈ ಚಾಚಿ ಅವನ ಮಣಿಕಟ್ಟು ಹಿಡಿದರು. "ಬಿಸಿಯಾಗಲಿ" ಎಂದರು. ಮೂವರೂ ಮಾತಿಲ್ಲದೆ ಉಷ್ಣತೆಯ ಮುಳ್ಳನ್ನೇ ನೋಡುತ್ತ ನಿಂತೆವು. ಅದು ನಿಧಾನವಾಗಿ ಮೇಲೇರುತ್ತಿತ್ತು.