ಹೌದು / ಇಲ್ಲ

ಇವತ್ತು ಡಾಕ್ಟರ್ ಹತ್ತಿರ ಫಾರಂ ತುಂಬುತ್ತಿದ್ದೆ. ಕೊನೆಯಲ್ಲೊಂದು ಪ್ರಶ್ನೆ: ‘ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ?’ ಪಕ್ಕದಲ್ಲಿ ಎರಡೇ ಪುಟ್ಟ ಚೌಕ. ಹೌದು. ಇಲ್ಲ.

ಪೆನ್ನು ಅಲ್ಲೇ ನಿಂತಿತು. ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇತ್ತು.

ಈ ಕಾಯಿಲೆ ತರುವ ‘ಆ ಒಂದು ಜೀನ್’ ಇರುತ್ತೆ ಅಂತ ನಾನು ಸುಮಾರು ದಿನ ಅಂದುಕೊಂಡಿದ್ದೆ. ಹಾಗೇನಿಲ್ಲ. 2014ರಲ್ಲಿ ಸುಮಾರು 37 ಸಾವಿರ ರೋಗಿಗಳ ಡಿಎನ್‌ಎ ಜಾಲಾಡಿದಾಗ ಸಿಕ್ಕಿದ್ದು ಈ ಕಾಯಿಲೆಯ ಜೊತೆ ನಂಟಿರುವ 108 ಜಾಗಗಳು. 2022ರ ಹೊತ್ತಿಗೆ ಅದು 287 ಆಯಿತು. ಹುಡುಕಿದಷ್ಟೂ ಜಾಸ್ತಿ! ಒಂದೊಂದರದ್ದೂ ಚಿಟಿಕೆಯಷ್ಟೇ ಪಾಲು. ಅಪರೂಪಕ್ಕೆ ಕೆಲವು ಬದಲಾವಣೆಗಳು ಮಾತ್ರ ಅಪಾಯವನ್ನು ತುಂಬಾ ಏರಿಸುತ್ತವೆ. 22ನೇ ಕ್ರೋಮೋಸೋಮಿನ ಒಂದು ತುಣುಕು ಬಿಟ್ಟುಹೋಗಿರುವುದು ಅಂಥದ್ದು.

ನನಗೆ ಜಾಸ್ತಿ ಕಾಡುವುದು ಅವಳಿಗಳ ಲೆಕ್ಕ. ಒಂದೇ ಮೊಟ್ಟೆಯಿಂದ ಹುಟ್ಟಿದವರು, ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಆದರೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಉಳಿದರ್ಧ ಎಲ್ಲಿಂದ ಬಂತು? ಬಾಲ್ಯ, ಗಾಂಜಾ, ಹುಟ್ಟುವಾಗಿನ ತೊಂದರೆ, ಬರೀ ಆಕಸ್ಮಿಕ... ಇದನ್ನೆಲ್ಲ ಆ ಚೌಕದೊಳಗೆ ಹೇಗೆ ತುರುಕೋದು, ಅಲ್ವಾ?

‘ಆಯ್ತಾ?’ ಅಂತ ಕೌಂಟರಿನಿಂದ ಕೇಳಿದರು.

‘ಹೌದು’ಗೆ ಗುರುತು ಹಾಕಿ ಕೊಟ್ಟೆ. ಅವರು ನೋಡಲೇ ಇಲ್ಲ, ಫೈಲಿಗೆ ಸೇರಿಸಿಬಿಟ್ಟರು.