ಲೈಬ್ರರಿಯ ಸಿಸ್ಟಮ್ ನೋಡಿಕೊಳ್ಳೋಕೆ ಯಾರನ್ನ ತಗೋಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ದಾವಣಗೆರೆಯ ಕಾಲೇಜೊಂದರ ಲೈಬ್ರರಿಯಲ್ಲಿ ನನ್ನ ಕೆಲಸ. ಅಲ್ಲಿಯ ಸಾಫ್ಟ್‌ವೇರ್ ನೋಡಿಕೊಳ್ಳುವ ಹೊಣೆಯೂ ನನ್ನದೇ. ಇದು ಗೊತ್ತಿರುವುದರಿಂದ ಇಲ್ಲಿ, ಹರಿಹರದಲ್ಲಿ, ಚಿತ್ರದುರ್ಗದಲ್ಲಿ ಊರವರಿಗಾಗಿ ಲೈಬ್ರರಿ ನಡೆಸುವ ಟ್ರಸ್ಟು, ಸಂಘಗಳವರು ಸಿಕ್ಕಾಗೆಲ್ಲ ಕೇಳುವುದು ಒಂದೇ: “ಮೇಡಂ, ಸಿಸ್ಟಮ್ಸ್ ಲೈಬ್ರರಿಯನ್ ಅಂತ ಸೀನಿಯರ್ ಒಬ್ಬರನ್ನ ತಗೋಬೇಕು ಅಂತಿದ್ದೀವಿ. ಕಂಪ್ಯೂಟರ್ ಸೈನ್ಸ್ ಬಿಇ ಆದವರನ್ನ ತಗೊಳ್ಳೋದಾ, ಲೈಬ್ರರಿ ಸೈನ್ಸಿನಲ್ಲಿ ಎಂ.ಲಿಬ್ ಆದವರನ್ನ ತಗೊಳ್ಳೋದಾ?”

ಡಿಗ್ರಿ ಆಮೇಲೆ ನೋಡಿ, ಪುಸ್ತಕದ ದಾಖಲೆ ಕೆಟ್ಟರೆ ಯಾರಿಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೋ ಅವರನ್ನು ತಗೊಳ್ಳಿ ಅನ್ನುತ್ತೇನೆ. ಕೇಳಿದವರು ನಗುತ್ತಾರೆ. ಬಿಡಿಸಿ ಹೇಳೋಣ ಅಂದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಲುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಸರ್ಕಾರಿ ಗ್ರಂಥಾಲಯಗಳಿಗೆ ಜನ ತಗೊಳ್ಳುವ ವಿಷಯ ಇದಲ್ಲ. ಅವು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಡೆಯುತ್ತವೆ. ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೀವಲ್ಲ, ಅದು ಅವಕ್ಕಾಗಿ. ಅಲ್ಲಿಯ ನೇಮಕಾತಿಗೆ ಅದರದೇ ನಿಯಮಗಳಿವೆ, ನಾವು ನೀವು ಕೂತು ಆರಿಸುವ ಹಾಗಿಲ್ಲ. ಆದರೆ ಕೆಲಸ ಎರಡೂ ಕಡೆ ಒಂದೇ.

ಏನು ಆ ಕೆಲಸ? ಪ್ರಿಂಟರ್ ಕೆಟ್ಟರೆ ಸರಿ ಮಾಡುವುದು, ವೈಫೈ ಪಾಸ್‌ವರ್ಡ್ ಕೊಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಸೀನಿಯರ್ ಯಾಕೆ? ಪಿ.ಜೆ. ಬಡಾವಣೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರೆ ಸಾಕು. ಕಪಾಟಿನಲ್ಲಿರುವ ಪುಸ್ತಕ ಹುಡುಕಿದವರಿಗೆ ಕಂಪ್ಯೂಟರಿನಲ್ಲೂ ಸಿಗುವ ಹಾಗೆ ನೋಡಿಕೊಳ್ಳುವುದು ಸಿಸ್ಟಮ್ಸ್ ಲೈಬ್ರರಿಯನ್ ಕೆಲಸ. ಇವತ್ತೂ ಸಿಗಬೇಕು, ಹತ್ತು ವರ್ಷದ ನಂತರ ಸಾಫ್ಟ್‌ವೇರ್ ಬದಲಾದಾಗಲೂ ಸಿಗಬೇಕು.

ನಮ್ಮ ಸೀಮೆಯದೇ ಉದಾಹರಣೆ ತಗೊಳ್ಳಿ. ತರಾಸು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ದುರ್ಗದ ಲೈಬ್ರರಿಯಲ್ಲಿ ಅವರ ಪುಸ್ತಕ ಕೇಳದ ದಿನ ಇರಲಿಕ್ಕಿಲ್ಲ. ಡೇಟಾ ಎಂಟ್ರಿಗೆ ಕೂತವರು ಒಂದು ಕಡೆ ‘ತರಾಸು’ ಅಂತ ಹೊಡೆದಿರುತ್ತಾರೆ, ಇನ್ನೊಂದು ಕಡೆ ಚುಕ್ಕಿ ಹಾಕಿ ‘ತ.ರಾ.ಸು.’ ಅಂತ, ಮತ್ತೊಂದು ಕಡೆ ‘ಸುಬ್ಬರಾಯ, ತ.ರಾ.’ ಅಂತ. ಕಂಪ್ಯೂಟರ್ ಪಾಲಿಗೆ ಇವರು ಮೂರು ಜನ. ಒಂದು ಹೆಸರಿನಿಂದ ಹುಡುಕಿದರೆ ಉಳಿದ ಎರಡರ ಕೆಳಗಿನ ಪುಸ್ತಕ ಬರುವುದಿಲ್ಲ. ‘ಇಲ್ಲ’ ಅಂತ ಕೌಂಟರಿನಲ್ಲಿ ಹೇಳಿ ಕಳಿಸುತ್ತಾರೆ. ಪುಸ್ತಕ ಅಲ್ಲೇ ಹಿಂದಿನ ಕಪಾಟಿನಲ್ಲಿ ಕೂತಿರುತ್ತದೆ.

ಸರಿ, ಹೋಲುವ ಹೆಸರುಗಳನ್ನೆಲ್ಲ ಒಂದು ಮಾಡಿದರಾಯಿತು ಅಂತ ಪ್ರೋಗ್ರಾಮ್ ಬರೆಯುವವರು ಹೇಳುತ್ತಾರೆ. ಅಲ್ಲೇ ಇರುವುದು ಅಪಾಯ. ಅದೇ ತಳುಕಿನವರು, ಅದೇ ಮನೆತನದವರು ತ.ಸು. ಶಾಮರಾಯರು. ಅವರು ಬೇರೆ, ಇವರು ಬೇರೆ. ‘ತ’ ಮತ್ತು ‘ಸು’ ಎರಡೂ ಇವೆ ಅಂತ ಇಬ್ಬರನ್ನೂ ಒಂದು ಹೆಸರಿನ ಕೆಳಗೆ ತಂದರೆ ಮತ್ತೆ ಬಿಡಿಸುವುದಕ್ಕೆ ಪುಸ್ತಕಗಳನ್ನೇ ಒಂದೊಂದಾಗಿ ಕೈಗೆತ್ತಿಕೊಳ್ಳಬೇಕು. ಒಬ್ಬ ಲೇಖಕನಿಗೆ ಒಂದು ರೂಪ ಗೊತ್ತು ಮಾಡಿ, ಉಳಿದ ರೂಪಗಳಿಂದ ಅಲ್ಲಿಗೆ ದಾರಿ ಹಾಕುವುದಕ್ಕೆ ಲೈಬ್ರರಿಯವರು ಅಥಾರಿಟಿ ಫೈಲ್ ಇಡುತ್ತಾರೆ. ಬಿಇ ಮಾಡಿದವರು ಇದರ ಹೆಸರನ್ನೇ ಕೇಳಿರುವುದಿಲ್ಲ. ಎಂ.ಲಿಬ್ ಮಾಡಿದವರಲ್ಲಿ ಕೆಲವರು ಪರೀಕ್ಷೆಗೆ ಐದು ಅಂಕಕ್ಕೆ ಓದಿ ಬಿಟ್ಟಿರುತ್ತಾರೆ. ಹಾಗಾಗಿ ಡಿಗ್ರಿ ನೋಡಿ ನಂಬುವುದು ಕಷ್ಟ ಅನ್ನುತ್ತೇನೆ.

ಕನ್ನಡದ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ರೂಢಿಗೆ ಬರುವ ಮೊದಲು ನಮ್ಮಲ್ಲೆಲ್ಲ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ತೆರೆಯ ಮೇಲೆ ಚೆಂದದ ಕನ್ನಡ ಕಾಣುತ್ತಿತ್ತು, ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಸಾಲೂ ಓದಲಾಗದು. ಅದನ್ನು ಯೂನಿಕೋಡಿಗೆ ಬದಲಾಯಿಸುವ ಪ್ರೋಗ್ರಾಮುಗಳಿವೆ. ಬಹುಪಾಲು ಸರಿಯಾಗಿ ಮಾಡುತ್ತವೆ, ಒತ್ತಕ್ಷರ ಬಂದಲ್ಲಿ ಆಗಾಗ ಎಡವುತ್ತವೆ. ಎಡವಿದ್ದು ಎಲ್ಲಿ ಅಂತ ಹುಡುಕುವುದಕ್ಕೆ ಕನ್ನಡ ಚೆನ್ನಾಗಿ ಬರುವ ಕಣ್ಣೇ ಬೇಕು.

ಯೂನಿಕೋಡಿನಲ್ಲೇ ಟೈಪ್ ಮಾಡಿದ್ದೂ ಪೂರ್ತಿ ಸರಿ ಅಂತ ಅಲ್ಲ. ‘ಸಂಗೀತ’ ಅಂತ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ ‘ಸ೦ಗೀತ’ ಅಂತ ಮಾಡಿರುತ್ತಾರೆ. ಇದು ಎಷ್ಟು ಜಾಸ್ತಿ ಅಂದರೆ ನಿಮ್ಮ ಮೊಬೈಲಿನಲ್ಲಿ ಬಂದ ಮದುವೆ ಆಮಂತ್ರಣಗಳಲ್ಲೂ ಸಿಕ್ಕೀತು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಎರಡೂ ಬೇರೆ. ಹಾಗೆಯೇ ‘ಸಾಫ್ಟ್‌ವೇರ್’ ಪದದ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದು ಇಲ್ಲದಿದ್ದರೆ ‘ಸಾಫ್ಟ್ವೇರ್’ ಆಗಿ ವ ಒತ್ತಾಗಿ ಕೆಳಗಿಳಿಯುತ್ತದೆ. ಒಬ್ಬರು ಹಾಗೆ ಹೊಡೆದಿದ್ದು ಇನ್ನೊಬ್ಬರು ಹೀಗೆ ಹುಡುಕಿದರೆ ಸಿಗದೇ ಹೋಗಬಹುದು. ಕೋಹಾ ಅಂತ ಒಂದು ಲೈಬ್ರರಿ ಸಾಫ್ಟ್‌ವೇರ್ ಇದೆ, ನಮ್ಮ ಕಡೆ ಬಹಳ ಲೈಬ್ರರಿಗಳಲ್ಲಿ ಓಡುತ್ತಿರುವುದು ಅದೇ. ಅದರಲ್ಲಿ ಹುಡುಕಾಟ ನಡೆಸುವ ಜೀಬ್ರಾ ಎಂಬ ಭಾಗವನ್ನು ಕನ್ನಡಕ್ಕೆ ಸರಿಹೋಗುವಂತೆ ಯೂನಿಕೋಡ್ ಅಕ್ಷರಗಳನ್ನು ನಿಭಾಯಿಸುವ ಐಸಿಯು ಎಂಬ ವ್ಯವಸ್ಥೆಗೆ ತಿರುಗಿಸಬೇಕು. ಇಂಟರ್‌ವ್ಯೂನಲ್ಲಿ ನೀವು ಕೇಳುವ ಮೊದಲೇ ಯಾರಾದರೂ ಇದನ್ನು ಹೇಳಿದರೆ ಅವರಿಗೆ ಇನ್ನೊಂದು ಕಾಫಿ ತರಿಸಿ.

ಜಿಲ್ಲೆಯ ಗೊಂದಲ ಬೇರೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ದಾವಣಗೆರೆ, ಹರಿಹರದವರೆಲ್ಲ ಚಿತ್ರದುರ್ಗ ಜಿಲ್ಲೆಯವರು. ಹರಪನಹಳ್ಳಿಯ ಕಥೆ ಇನ್ನೂ ಚೆನ್ನ: ಬಳ್ಳಾರಿಯಿಂದ ನಮ್ಮಲ್ಲಿಗೆ ಬಂತು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಇದ್ದಲ್ಲೇ ಇದೆ, ಕಾಗದದ ಮೇಲೆ ಓಡಾಡುತ್ತಿದೆ. ಅಲ್ಲಿಯ ಪಾಳೇಗಾರರ ಬಗ್ಗೆ ಓದಲು ಬಂದವರಿಗೆ ಯಾವ ಜಿಲ್ಲೆಯ ಹೆಸರು ಹಾಕಿ ಹುಡುಕಿದರೂ ಪುಸ್ತಕ ಸಿಗಬೇಕಲ್ವಾ? ಈ ಯೋಚನೆ ಯಾವ ಸಾಫ್ಟ್‌ವೇರೂ ತಾನಾಗಿ ಮಾಡುವುದಿಲ್ಲ.

ಡಿಗ್ರಿಯ ವಿಷಯ ಅಂದೆನಲ್ಲ, ಇಬ್ಬರ ಹೆಸರು ಹೇಳುತ್ತೇನೆ. ಎಸ್.ಆರ್. ರಂಗನಾಥನ್ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬರುವ ಮೊದಲು ಅವರು ಗಣಿತದ ಮೇಷ್ಟ್ರು. ಹೆನ್ರಿಯೆಟ್ ಆವ್ರಮ್ ಅಮೆರಿಕದವರು, ಕಂಪ್ಯೂಟರ್ ಪ್ರೋಗ್ರಾಮರ್. 1960ರ ದಶಕದಲ್ಲಿ ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಮಾರ್ಕ್ ಎಂಬ ದಾಖಲೆಯ ಮಾದರಿ ರೂಪಿಸಿದರು. ಇವತ್ತಿಗೂ ಕೋಹಾದಲ್ಲಿ ಪುಸ್ತಕದ ಹೆಸರು 245ನೇ ನಂಬರಿನ ಜಾಗದಲ್ಲಿ, ಲೇಖಕರ ಹೆಸರು 100ರಲ್ಲಿ ಹೋಗಿ ಕೂರುವುದು ಆ ಮಾದರಿಯಿಂದಲೇ. ಆಕೆಯ ಬಳಿ ಲೈಬ್ರರಿ ಡಿಗ್ರಿ ಇರಲಿಲ್ಲ. ಇಬ್ಬರೂ ಹೊರಗಿನಿಂದ ಬಂದವರು, ಬಂದ ಮೇಲೆ ಕ್ಯಾಟಲಾಗನ್ನು ತಮ್ಮದು ಮಾಡಿಕೊಂಡರು. ಬಿಇ ಆದ ಹುಡುಗಿಯೊಬ್ಬಳಿಗೆ ಆ ಆಸೆ ಇದ್ದರೆ ಧಾರಾಳವಾಗಿ ತಗೊಳ್ಳಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಗುವವರೆಗೆ ಸುಮ್ನೆ ಇರಲಿ ಅಂತ ಬರುವವರಾದರೆ ಬೇಡ.

ಇನ್ನು ದುಡ್ಡು. ‘ಕೋಹಾ ಪುಕ್ಕಟೆ ಅಂತಲ್ಲ, ಮತ್ತೆ ಅದಕ್ಕೆ ಸಂಬಳದ ಆಳು ಯಾಕೆ’ ಅಂತ ಟ್ರಸ್ಟಿನವರು ಕೇಳಿಯೇ ಕೇಳುತ್ತಾರೆ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿ, ಸಣ್ಣ ಊರುಗಳ ಸಾರ್ವಜನಿಕ ಲೈಬ್ರರಿಗಳಿಗಾಗಿ. ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ. 1999ರಲ್ಲಿ ಹೊಸದನ್ನೇ ಬರೆಸಿದರು, 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು, ಆಮೇಲೆ ಜಗತ್ತಿಗೆಲ್ಲ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ಸಾಫ್ಟ್‌ವೇರನ್ನು. ಸರ್ವರ್, ಹೊಸ ಆವೃತ್ತಿಗೆ ಏರಿಸುವುದು, ಬ್ಯಾಕಪ್, ಇವೆಲ್ಲ ನಮ್ಮ ಖರ್ಚೇ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯವರ ಇ-ಗ್ರಂಥಾಲಯ ಸಾಫ್ಟ್‌ವೇರ್ ಹಾಕಿಕೊಂಡರೆ ಸರ್ವರಿನ ತಲೆನೋವು ಕಡಿಮೆ ಆದೀತು, ಆದರೆ ತರಾಸು ಮೂರು ಜನ ಆಗಿರುವುದು ಅಲ್ಲೂ ತಾನಾಗಿ ಸರಿಹೋಗುವುದಿಲ್ಲ.

ಇಂಟರ್‌ವ್ಯೂ ಹೇಗೆ ಮಾಡಬೇಕು ಅಂತಲೂ ಕೇಳುತ್ತಾರೆ. ಒಂದು ಲ್ಯಾಪ್‌ಟಾಪ್ ಇಡಿ. ನಿಮ್ಮದೇ ಲೈಬ್ರರಿಯ ಹೊಲಸಾದ ಒಂದಿಷ್ಟು ದಾಖಲೆಗಳನ್ನು ಎಕ್ಸೆಲಿನಲ್ಲಿ ಹಾಕಿ ಕೊಡಿ: ಸೊನ್ನೆ ಇರುವ ಸಂಗೀತ, ಮೂರು ಬಗೆಯ ತರಾಸು, ಎರಡು ಪುಸ್ತಕಕ್ಕೆ ಒಂದೇ ಬಾರ್‌ಕೋಡ್. ಸರಿ ಮಾಡಿ ಅನ್ನಿ. ಕೂಡಲೇ ತಿದ್ದಲು ಶುರು ಮಾಡುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು, ‘ಪುಸ್ತಕ ಬಂದ ಹಾಗೆ ಬರೆದಿಟ್ಟ ಅಕ್ಸೆಷನ್ ರಿಜಿಸ್ಟರ್ ಕೊಡ್ತೀರಾ, ಕಪಾಟು ನೋಡಬಹುದಾ’ ಅಂತ ಎದ್ದು ನಿಲ್ಲುವವರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಬ್ಯಾಕಪ್ ಬಗ್ಗೆ ಕೇಳಿ. ತಗೊಳ್ತೀರಾ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಬ್ಯಾಕಪ್ಪಿನಿಂದ ಇಡೀ ಲೈಬ್ರರಿಯನ್ನು ಖಾಲಿ ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿದ್ದು ಯಾವಾಗ, ಏನು ತೊಂದರೆ ಆಯಿತು, ಅದನ್ನು ಹೇಳಿಸಿ.

ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ. ‘ಮಗಳು ಏನೇನು ಪುಸ್ತಕ ತಗೊಂಡು ಹೋಗಿದ್ದಾಳೆ, ಪಟ್ಟಿ ಕೊಡಿ’ ಅಂತ ತಂದೆಯೊಬ್ಬರು ಕೌಂಟರಿಗೆ ಬಂದರೆ ಏನು ಮಾಡುತ್ತೀರಿ? ನಮ್ಮೂರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ, ‘ಇಲ್ಲ’ ಅನ್ನುವುದು ಸುಲಭ ಅಲ್ಲ. ಪುಸ್ತಕ ವಾಪಸ್ ಬಂದ ಮೇಲೆ ಓದಿದವರ ಹೆಸರನ್ನು ಆ ದಾಖಲೆಯಿಂದ ಬೇರ್ಪಡಿಸುವ ಸೌಲಭ್ಯ ಕೋಹಾದಲ್ಲಿದೆ. ಅದನ್ನು ಮೊದಲೇ ಮಾಡಿಟ್ಟರೆ ಕೌಂಟರಿನಲ್ಲಿರುವವರು ‘ಹಳೇ ಪಟ್ಟಿ ನಮ್ಮ ಹತ್ತಿರ ಇರೋದೇ ಇಲ್ಲ, ಸರ್’ ಅಂತ ನಿಜವನ್ನೇ ಹೇಳಬಹುದು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೂ ಬಂದಿದೆ. ಸೀನಿಯರ್ ಆದವರಿಗೆ ಇದು ಗೊತ್ತಿರಬೇಕು.

ಪುಸ್ತಕಕ್ಕೆ ಅಂಟಿಸಿದ ಚಿಪ್ ಗುರುತಿಸುವ ಆರ್‌ಎಫ್‌ಐಡಿ ಗೇಟು, ತಾನೇ ಪುಸ್ತಕ ಕೊಡುವ ಯಂತ್ರ, ಇವುಗಳ ಬಗ್ಗೆ ಹೆಚ್ಚು ಕೇಳಬೇಡಿ. ಫೋಟೋಗೆ ಚೆನ್ನಾಗಿರುತ್ತವೆ. ಕ್ಯಾಟಲಾಗ್ ಸರಿ ಇಲ್ಲದ ಕಡೆ ಅವು ದಂಡ.

ಸೀನಿಯರ್ ಅಂದರೆ ವಯಸ್ಸಲ್ಲ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಇಡೀ ಲೈಬ್ರರಿಯ ಡೇಟಾ ಸಾಗಿಸಿ, ಅದರ ಪಾಡು ಪಟ್ಟವರಾಗಿರಬೇಕು. ವೆಂಡರ್ ಜೊತೆ ಕೂತು ಒಪ್ಪಂದದ ಒಂದೊಂದು ಸಾಲೂ ಓದಿ ‘ಇದು ಆಗಲ್ಲ’ ಅನ್ನುವ ಅಧಿಕಾರ ಅವರಿಗೆ ಇರಬೇಕು. ನನಗೆ ಗೊತ್ತಿರುವ ಒಂದು ಲೈಬ್ರರಿಯಲ್ಲಿ ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಮುಗಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಡೇಟಾ ಅವರ ಬೀಗದೊಳಗೆ ಉಳಿಯಿತು. ಕೊನೆಗೆ ರಿಜಿಸ್ಟರ್ ನೋಡಿ ಮೊದಲಿನಿಂದ ಟೈಪ್ ಮಾಡಿಸಿದರು. ಕೇಳಿದಾಗ ಪುಸ್ತಕ, ಪ್ರತಿ, ಸದಸ್ಯರು, ಎಲ್ಲ ದಾಖಲೆಯನ್ನೂ ಬೇರೆ ಸಾಫ್ಟ್‌ವೇರ್ ಓದುವ ರೂಪದಲ್ಲಿ ಕೊಡಬೇಕು ಅಂತ ಒಂದು ಸಾಲು ಒಪ್ಪಂದದಲ್ಲಿದ್ದಿದ್ದರೆ ಆ ಖರ್ಚು ಉಳಿಯುತ್ತಿತ್ತು. ಆ ಸಾಲು ಬರೆಸುವವರಿಗೆ ಡೇಟಾ ಎಂಟ್ರಿಯವರ ಸಂಬಳ ಕೊಡುತ್ತೇವೆ ಅಂದರೆ ಯಾರು ಬರುತ್ತಾರೆ?

‘ಅಷ್ಟು ಸಂಬಳ ಒಂದು ಸಣ್ಣ ಲೈಬ್ರರಿ ಹೇಗೆ ಕೊಡುತ್ತೆ’ ಅನ್ನುವುದು ಕೊನೆಯ ಪ್ರಶ್ನೆ. ಹಂಚಿಕೊಳ್ಳಿ. ಹರಿಹರ ಇಲ್ಲೇ ಪಕ್ಕದಲ್ಲಿ, ದುರ್ಗ ಹೈವೇಯಲ್ಲಿ ಒಂದು ಗಂಟೆಯ ದಾರಿ. ಸರ್ವರ್ ಕೆಲಸವನ್ನು ಕೂತಲ್ಲಿಂದಲೇ ನೋಡಬಹುದು, ಕಪಾಟಿನ ಕೆಲಸಕ್ಕೆ ವಾರಕ್ಕೊಂದು ದಿನ ಒಂದೊಂದು ಊರು ಅಂತ ಹಾಕಿಕೊಳ್ಳಬಹುದು. ಮೂರು ಲೈಬ್ರರಿ ಸೇರಿ ಒಬ್ಬರನ್ನು ಒಳ್ಳೆಯ ಸಂಬಳಕ್ಕೆ ತಗೊಂಡರೆ, ಮೂರು ಕಡೆ ಮೂವರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವುದಕ್ಕಿಂತ ವಾಸಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಲೈಬ್ರರಿ ಸೈನ್ಸ್ ಓದಿದವರು ನಮ್ಮ ಸುತ್ತಮುತ್ತ ಇದ್ದಾರೆ, ಕೆಲಸದ ಜಾಹೀರಾತಿನ ಒಂದು ಪ್ರತಿ ತಪ್ಪದೇ ಅಲ್ಲಿಗೆ ಕಳಿಸಿ. ಅದನ್ನು ಕನ್ನಡದಲ್ಲೇ ಕೊಡಿ. ಸಂಬಳ ಎಷ್ಟು ಅಂತ ಅಂಕಿಯಲ್ಲಿ ಬರೆಯಿರಿ, ‘ಅರ್ಹತೆಗೆ ತಕ್ಕಂತೆ’ ಅಂತ ಹಾಕಬೇಡಿ.