ಅಡಿಕೆ ಲೆಕ್ಕದ ಪುಸ್ತಕದಲ್ಲಿ ಮಗನ ನಿದ್ದೆ

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ. ಗಂಟೆ ಹನ್ನೆರಡು ದಾಟಿತ್ತು. ಪಕ್ಕದಲ್ಲಿ ಮಲಗಿದ್ದ ಪುಟ್ಟ ಇದ್ದಕ್ಕಿದ್ದಂತೆ ಎದ್ದು ಕೂತು ಕಿರುಚತೊಡಗಿದ. ಕಣ್ಣು ಪೂರ್ತಿ ತೆರೆದಿತ್ತು, ಆದರೆ ನಾನು ಅವನಿಗೆ ಕಾಣುತ್ತಿರಲಿಲ್ಲ. "ಅಮ್ಮ ಇಲ್ಲೇ ಇದ್ದೇನೆ ಮಗಾ" ಎಂದು ಎತ್ತಿಕೊಳ್ಳಲು ಹೋದರೆ ಎರಡೂ ಕೈಯಲ್ಲಿ ತಳ್ಳಿದ. ಮೈಯೆಲ್ಲ ಬೆವರು. ಎದೆ ಹೊಡೆದುಕೊಳ್ಳುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಹತ್ತು ನಿಮಿಷ ಹಾಗೇ ಇತ್ತು. ಆಮೇಲೆ ಏನೂ ಆಗದವನ ಹಾಗೆ ಮಗ್ಗುಲಾಗಿ ಮಲಗಿಬಿಟ್ಟ. ಬೆಳಿಗ್ಗೆ ಕೇಳಿದರೆ ನೆನಪೇ ಇಲ್ಲ. ನಾನು ಮಾತ್ರ ಬೆಳಗಿನವರೆಗೆ ಕೂತೇ ಇದ್ದೆ.

ಅವನಿಗೆ ಆಗ 3 ವರ್ಷ 4 ತಿಂಗಳು. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಮನೆಯಲ್ಲಿ ಅತ್ತೆ, ಮಾವ, ನಾನು, ಪುಟ್ಟ. ಗಂಡ ದುಬೈಯಲ್ಲಿ. ಇಂಥ ಕಿರುಚಾಟ ವಾರದಲ್ಲಿ ಮೂರು ನಾಲ್ಕು ರಾತ್ರಿ ಆಗುತ್ತಿತ್ತು. ಅದಕ್ಕೂ ಮೊದಲು ಮಲಗಿಸುವುದಕ್ಕೇ ಒಂದು ಗಂಟೆ ಬೇಕು. ಹಗಲಿನಲ್ಲಿ ಮುಟ್ಟಿದ್ದಕ್ಕೆಲ್ಲ ಹಠ. ತಟ್ಟೆ ಬಿಸಾಡುತ್ತಿದ್ದ, ಜಗಲಿಯಲ್ಲಿ ಬಿದ್ದು ಹೊರಳುತ್ತಿದ್ದ, ಅಜ್ಜನಿಗೆ ಹೊಡೆಯುತ್ತಿದ್ದ. ಅಂಗನವಾಡಿಯಲ್ಲಿ ಒಂದು ಮಗುವಿನ ಕೈಯನ್ನು ಕಚ್ಚಿದ. ಆ ಮಗುವಿನ ಅಮ್ಮ ಗೇಟಿನ ಹತ್ತಿರ ನನಗೆ ಮಗುವಿನ ಕೈ ಎತ್ತಿ ತೋರಿಸಿದರು. ಹಲ್ಲಿನ ಗುರುತು ಎಣಿಸುವ ಹಾಗೆ ಮೂಡಿತ್ತು. ಅವರು ಬೈಯಲೂ ಇಲ್ಲ. ಅದು ಇನ್ನೂ ಜಾಸ್ತಿ ನೋವಾಯಿತು.

ಅತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮಂತ್ರಿಸಿದ ನೂಲು ತಂದು ಸೊಂಟಕ್ಕೆ ಕಟ್ಟಿದರು. ನಾನು ಬೇಡ ಅನ್ನಲಿಲ್ಲ. ಅವರಿಗೂ ಮೊಮ್ಮಗನ ಸಂಕಟ ನೋಡಲು ಆಗುತ್ತಿರಲಿಲ್ಲ. ಆಮೇಲೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಎರಡೇ ನಿಮಿಷ. "ರಾತ್ರಿ ಇದನ್ನು ಕೊಡಿ, ನಿದ್ದೆ ಬರ್ತದೆ" ಎಂದು ಶೀತಕ್ಕೆ ಕೊಡುವ ಸಿರಪ್ ಬರೆದುಕೊಟ್ಟರು. ಯಾಕೆ ಹೀಗಾಗುತ್ತದೆ ಎಂದು ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು. ಸಿರಪ್ ತಂದೆ, ಆದರೆ ಕೊಡಲು ಮನಸ್ಸು ಬರಲಿಲ್ಲ.

ದಾರಿ ತೋರಿಸಿದ್ದು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಅಂಗಳದಲ್ಲಿ ನಿಂತು ಎಲ್ಲ ಕೇಳಿದವರು, "ಕಾಞಂಗಾಡು ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಕ್ಕಳ ಇಂಥದ್ದು ನೋಡ್ಲಿಕ್ಕೇ ಬೇರೆ ವಿಭಾಗ ಉಂಟು, ದುಡ್ಡು ಕೊಡ್ಲಿಕ್ಕಿಲ್ಲ" ಎಂದರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳಿವೆ. ಹುಟ್ಟಿದ ಮಗುವಿನಿಂದ ಹಿಡಿದು 18 ವರ್ಷದವರೆಗಿನವರನ್ನು ನೋಡುತ್ತಾರೆ. ಮೂರು ವರ್ಷ ಮಗು ಸಾಕಿದ ನನಗೆ ಇದು ಗೊತ್ತೇ ಇರಲಿಲ್ಲ.

ಕಾಞಂಗಾಡಿಗೆ ಅತ್ತೆ ಇನ್ನೂ ಹೊಸದುರ್ಗ ಎಂದೇ ಹೇಳುವುದು. ಬೆಳಿಗ್ಗೆ ಮನೆ ಬಿಟ್ಟು ಕಾಸರಗೋಡಿನಲ್ಲಿ ಬಸ್ಸು ಬದಲಿಸಿದೆ. ಚಂದ್ರಗಿರಿ ಸೇತುವೆ ದಾಟುವಾಗ ನನಗೆ ಹೆದರಿಕೆ ಶುರುವಾಯಿತು. ಹೊಳೆಯ ಆ ಕಡೆ ಮಲಯಾಳ ದೇಶ ಎಂದು ಹಿರಿಯರು ಹೇಳುತ್ತಾರಲ್ಲ, ಆ ಮಾತು ನೆನಪಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ ನಾನು ಮಲಯಾಳ ಮಾತಾಡುತ್ತೇನೆ. ಆದರೆ ನನ್ನ ಮಗನ ರಾತ್ರಿಯನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದು? ಪುಟ್ಟ ಮೇಲ್ಪರಂಬ ಬರುವಷ್ಟರಲ್ಲಿ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದ. ಬೇಕಲ ದಾಟಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಮೊದಲು ಮಕ್ಕಳ ಡಾಕ್ಟರು ನೋಡಿದರು. ಗಂಟಲು, ಕಿವಿ, ತೂಕ. "ಗೊರಕೆ ಹೊಡೆಯುತ್ತಾನಾ? ಬಾಯಿ ತೆರೆದು ಮಲಗುತ್ತಾನಾ?" ಎಂದು ಕೇಳಿದರು. ಮೂಗಿನ ಹಿಂದಿನ ಗ್ರಂಥಿ, ಟಾನ್ಸಿಲ್ ದೊಡ್ಡದಾಗಿದ್ದರೆ ಉಸಿರು ಕಟ್ಟಿ ನಿದ್ದೆ ಹಾಳಾಗುತ್ತದಂತೆ. ಹಗಲಿನಲ್ಲಿ ಅದು ಹಠವಾಗಿ, ತುಂಟತನವಾಗಿ ಕಾಣುತ್ತದಂತೆ. ಇವನಿಗೆ ಅದಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.1 ಬಂತು. ಈ ಪ್ರಾಯದ ಮಕ್ಕಳಿಗೆ 11 ಆದರೂ ಇರಬೇಕು. ಕಬ್ಬಿಣದ ಅಂಶ ಕಡಿಮೆಯಾದರೂ ನಿದ್ದೆ ಕೆಡಬಹುದು ಎಂದು ಐರನ್ ಸಿರಪ್ ಕೊಟ್ಟರು. ಹಾಲಿನ ಜೊತೆ ಕೊಡಬಾರದು, ಮಲ ಕಪ್ಪಾದರೆ ಹೆದರಬಾರದು ಎಂದೂ ಹೇಳಿದರು.

ಆಮೇಲೆ ಸೈಕಾಲಜಿಸ್ಟ್ ಮೇಡಂ ಹತ್ತಿರ ಕಳಿಸಿದರು. ಚಿಕ್ಕ ಪ್ರಾಯದವರು. ನಾನು ಮಲಯಾಳದಲ್ಲಿ ಶುರು ಮಾಡಿದೆ. ಹಠಕ್ಕೆ "ವಾಶಿ" ಎಂದೆ, ನಿದ್ದೆಗೆ "ಉರಕ್ಕಂ" ಎಂದೆ. ಬೆಚ್ಚಿ ಬೀಳುವುದಕ್ಕೆ ಶಬ್ದ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಅಳು ಬಂತು. ಅಳುವಾಗ ಕನ್ನಡವೇ ಬಂತು. ಬಾಗಿಲಲ್ಲಿದ್ದ ನರ್ಸ್ ಮಂಜೇಶ್ವರ ಕಡೆಯವರು. ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತು, "ಞೆಟ್ಟಿ ಉಣರುಂ" ಎಂದು ಮೇಡಂಗೆ ಹೇಳಿದರು. ನನ್ನ ಕಡೆ ತಿರುಗಿ, "ನೀವು ಕನ್ನಡದಲ್ಲೇ ಹೇಳಿ ಅಕ್ಕಾ, ನಾನಿದ್ದೇನೆ" ಎಂದರು. ಆ ಅರ್ಧ ಗಂಟೆ ಅವರು ಅಲ್ಲಿಂದ ಏಳಲಿಲ್ಲ. ಇದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಗಡಿ ಜಿಲ್ಲೆಯ ಆಸ್ಪತ್ರೆಯಲ್ಲಿ ಹೀಗೆ ಒಬ್ಬರು ಯಾವಾಗಲೂ ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಮಗುವಿನ ಕಷ್ಟ ಹೇಳಿಕೊಳ್ಳುವಾಗ ತಾಯಿಗೆ ಅವಳ ಭಾಷೆ ಬೇಕು.

ಮೇಡಂ ಪುಟ್ಟನನ್ನು ಕರೆಯಲಿಲ್ಲ, ಹೆಸರು ಕೇಳಲಿಲ್ಲ. ನೆಲದ ಮೇಲೆ ಕೂತು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಾ ಹೋದರು. ನನ್ನ ಸೆರಗಿನ ಹಿಂದೆ ಅಡಗಿದ್ದವನು ಐದು ನಿಮಿಷದಲ್ಲಿ ಹೋಗಿ ತಾನೂ ಒಂದು ಇಟ್ಟ. ಅವರು ಒಂದು ತುಂಡನ್ನು ಬಟ್ಟೆ ಕೆಳಗೆ ಮುಚ್ಚಿಟ್ಟರು. ಅವನು ಅವರ ಮುಖ ನೋಡಿ ನಕ್ಕ. ಆಮೇಲೆ ನನ್ನ ಕಡೆ ತಿರುಗಿ ಬೆರಳು ತೋರಿಸಿದ, "ಅಮ್ಮ, ಅಲ್ಲುಂಟು!"

ನಾನು ಎಷ್ಟೋ ರಾತ್ರಿ ಫೋನಿನಲ್ಲಿ ಆಟಿಸಂ ಎಂದು ಹುಡುಕಿ ಓದಿದ್ದೆ. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮೇಡಂ ಕೇಳಿದಾಗ ಅದನ್ನೂ ಹೇಳಿದೆ. ಅವರು ಪುಟ್ಟನ ಬೆರಳಿನ ಮಾತು ಎತ್ತಿದರು. ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುತ್ತಾನೆ, ಮುಖ ನೋಡಿ ನಗುತ್ತಾನೆ, ಕರೆದರೆ ತಿರುಗುತ್ತಾನೆ, ನೀವು ಹೆದರಿದ್ದು ನನಗೆ ಇವನಲ್ಲಿ ಕಾಣುತ್ತಿಲ್ಲ ಎಂದರು. ಮುಂದೆಯೂ ನೋಡುತ್ತಿರುತ್ತೇವೆ ಎಂದರು. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು.

ರಾತ್ರಿಯ ಕಿರುಚಾಟದ ಬಗ್ಗೆ ಅವರು ಹೇಳಿದ್ದು ಹೀಗೆ. ಕೆಟ್ಟ ಕನಸು ಬೀಳುವುದು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆಗೆ. ಆಗ ಮಗು ಪೂರ್ತಿ ಎಚ್ಚರವಾಗುತ್ತದೆ, ಅಮ್ಮನನ್ನು ಅಪ್ಪಿಕೊಳ್ಳುತ್ತದೆ. ಇದು ಬೇರೆ. ನಿದ್ದೆ ಹೋಗಿ ಒಂದೆರಡು ಗಂಟೆಯಲ್ಲಿ, ತುಂಬಾ ಆಳದ ನಿದ್ದೆಯಲ್ಲಿ ಬರುತ್ತದೆ. ಮೈ ಎದ್ದಿರುತ್ತದೆ, ಮಗು ಎದ್ದಿರುವುದಿಲ್ಲ. ಆಗ ಎಬ್ಬಿಸಲು, ಹಿಡಿದು ಅಲುಗಾಡಿಸಲು ಹೋಗಬಾರದು. ಬಿದ್ದು ಪೆಟ್ಟಾಗದ ಹಾಗೆ ಪಕ್ಕದಲ್ಲಿದ್ದರೆ ಸಾಕು. ದೊಡ್ಡವರಾಗುತ್ತಾ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ನಿದ್ದೆ ಸಾಲದೆ ದಣಿದ ಮಕ್ಕಳಲ್ಲಿ ಜಾಸ್ತಿ.

"ಬರುವಾಗ ಬಸ್ಸಿನಲ್ಲಿ ನಿದ್ದೆ ಮಾಡಿದನಾ?" ಎಂದು ಕೇಳಿದರು. ಹೌದು ಎಂದೆ. ಅವರು ಅದನ್ನು ಬರೆದುಕೊಂಡರು. ಬೆಳಿಗ್ಗೆ ಹತ್ತು ಗಂಟೆಗೆ ಅಷ್ಟು ಗಾಢ ನಿದ್ದೆ ಬರುತ್ತದೆ ಎಂದರೆ ರಾತ್ರಿಯದ್ದು ಸಾಕಾಗಿಲ್ಲ ಎಂದು ಅರ್ಥವಂತೆ. ಮದ್ದು ಕೊಡಲಿಲ್ಲ. ಎರಡು ವಾರ ಎಲ್ಲ ಬರೆದು ತನ್ನಿ ಎಂದರು. ಯಾವಾಗ ಮಲಗಿಸಿದ್ದು, ಯಾವಾಗ ನಿದ್ದೆ ಹೋದದ್ದು, ಎಷ್ಟು ಗಂಟೆಗೆ ಕಿರುಚಿದ್ದು, ಹಗಲು ಎಷ್ಟು ಮಲಗಿದ, ಮಲಗುವ ಮೊದಲಿನ ಒಂದು ಗಂಟೆಯಲ್ಲಿ ಮನೆಯಲ್ಲಿ ಏನೇನಾಯಿತು. ಹೊರಡುವಾಗ ಅತ್ತೆ ಕಟ್ಟಿದ ನೂಲಿನ ಬಗ್ಗೆ ಕೇಳಿದೆ. "ಇರಲಿ, ಅದರಿಂದ ಏನು ತೊಂದರೆ?" ಎಂದರು. ಮನೆಗೆ ಬಂದು ಅತ್ತೆಗೆ ಅದನ್ನೇ ಮೊದಲು ಹೇಳಿದೆ.

ಮಾವ ಅಡಿಕೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳನ್ನು ಕೊಟ್ಟರು. ಗೆರೆಯನ್ನೂ ಅವರೇ ಸ್ಕೇಲ್ ಇಟ್ಟು ಎಳೆದರು. ಮೊದಲ ನಾಲ್ಕು ದಿನ ಸುಮ್ನೆ ಬರೆದೆ. ಏನೂ ತಿಳಿಯಲಿಲ್ಲ. ಎರಡನೇ ವಾರ ಜೋರು ಗಾಳಿಮಳೆ. ಎರಡು ದಿನ ಕರೆಂಟಿಲ್ಲ, ನೆಟ್ಟಿಲ್ಲ. ಆ ಎರಡು ರಾತ್ರಿ ಪುಟ್ಟ ಒಂಬತ್ತಕ್ಕೆಲ್ಲ ನಿದ್ದೆ ಹೋದ. ಕಿರುಚಲೂ ಇಲ್ಲ. ಮೂರನೆಯ ದಿನ ಕರೆಂಟು ಬಂತು. ನಿದ್ದೆ ಹೋದದ್ದು 10.50. ಕಿರುಚಿದ್ದು 12.20. ಆ ಮೂರು ಸಾಲು ನೋಡುತ್ತಾ ನನ್ನ ಕೈ ನಿಂತುಹೋಯಿತು.

ಏನು ವ್ಯತ್ಯಾಸ ಎಂದು ನನಗೆ ಗೊತ್ತಾಗಿತ್ತು. ಹತ್ತು ಗಂಟೆಯ ಫೋನು.

ನನ್ನ ಗಂಡನ ಕೆಲಸ ಮುಗಿಯುವುದು ಅಲ್ಲಿಯ ರಾತ್ರಿ ಎಂಟೂವರೆಗೆ. ನಮಗೆ ಆಗ ಹತ್ತು. ರೂಮಿಗೆ ಹೋಗುವ ದಾರಿಯಲ್ಲೇ ವಿಡಿಯೋ ಕರೆ ಮಾಡುತ್ತಾರೆ. ಪುಟ್ಟ ಅದಕ್ಕೇ ಕಾಯುತ್ತಿದ್ದ. ಕಣ್ಣು ಎಳೆಯುತ್ತಿದ್ದರೂ ಮಲಗಲು ಒಪ್ಪುತ್ತಿರಲಿಲ್ಲ. ಅಪ್ಪನ ಮುಖ ಕಂಡ ಕೂಡಲೇ ಕುಣಿತ, ನಗು, ಮನೆಯಿಡೀ ಓಟ. ಫೋನು ಇಟ್ಟ ಮೇಲೆ ಅಳು. ಅಳು ನಿಲ್ಲಿಸಲು ನಾನು ಅದೇ ಫೋನಿನಲ್ಲಿ ಕಾರ್ಟೂನ್ ಹಾಕಿಕೊಡುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಮನೆಯವರ ಜೊತೆ ಎದ್ದೇಳುತ್ತಿದ್ದ. ಅಂಗನವಾಡಿಯ ಒಂದು ಗಂಟೆ ಸೇರಿಸಿದರೂ ದಿನಕ್ಕೆ ಒಂಬತ್ತು ಗಂಟೆ ನಿದ್ದೆ ಇಲ್ಲ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ 10ರಿಂದ 13 ಗಂಟೆ ಬೇಕು. ಎರಡನೇ ಸಲ ಹೋದಾಗ ಮೇಡಂ ಪುಸ್ತಕ ನೋಡಿ, "ನಿಮಗೇ ಗೊತ್ತಾಗಿದೆಯಲ್ಲ" ಎಂದರು.

ಅದನ್ನು ಗಂಡನಿಗೆ ಹೇಳುವುದೇ ದೊಡ್ಡ ಕಷ್ಟವಾಯಿತು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಅವನನ್ನು ನೋಡುದೇ ಆ ಹೊತ್ತು ಮಾರಾಯ್ತಿ. ಅದಕ್ಕೇ ದಿನ ದೂಡುದು" ಎಂದರು. ನನಗೆ ಉತ್ತರ ಬರಲಿಲ್ಲ. ನಮ್ಮ ಊರಿನ ಎಷ್ಟು ಮನೆಗಳಲ್ಲಿ ಅಪ್ಪ ಎಂದರೆ ರಾತ್ರಿ ಬೆಳಗುವ ಒಂದು ಫೋನು. ಅದನ್ನು ಕಿತ್ತುಕೊಳ್ಳುವುದು ಅಪ್ಪನಿಗೂ ಮಗನಿಗೂ ಶಿಕ್ಷೆಯೇ. ಆ ರಾತ್ರಿ ಅವರೂ ನಿದ್ದೆ ಮಾಡಲಿಲ್ಲ ಎಂದು ಆಮೇಲೆ ಹೇಳಿದರು.

ಉಪಾಯವನ್ನು ಮೇಡಂ ಹೇಳಿಕೊಟ್ಟರು. ಕರೆಯನ್ನು ಬೆಳಿಗ್ಗೆಗೆ ಹಾಕಿಕೊಂಡೆವು. ನಮಗೆ ಏಳೂವರೆ, ಅವರಿಗೆ ಆರು. ಗಂಡ ಅರ್ಧ ಗಂಟೆ ಬೇಗ ಏಳಬೇಕು, ಅಷ್ಟೇ. ಪುಟ್ಟ ದೋಸೆ ತಿನ್ನುತ್ತಾ ಅಪ್ಪನ ಜೊತೆ ಮಾತಾಡುತ್ತಾನೆ. ರಾತ್ರಿಗೆ ಅಪ್ಪ ಒಂದು ಕಥೆಯನ್ನು ದನಿಯಲ್ಲಿ ಮಾತ್ರ ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಮ್ಮ ತೋಟಕ್ಕೆ ಬರುವ ಒಂದು ನರಿಯ ಕಥೆ. ಫೋನನ್ನು ಕವುಚಿ ಇಟ್ಟು, ದೀಪ ಆರಿಸಿ ಕೇಳುವುದು. ಬೆಳಕಿಲ್ಲ, ಚಿತ್ರ ಇಲ್ಲ, ಅಪ್ಪನ ಸ್ವರ ಮಾತ್ರ.

ಕೂಡಲೇ ಸರಿಯಾಯಿತು ಎಂದು ಯಾರೂ ತಿಳಿಯಬಾರದು. ಮೊದಲ ನಾಲ್ಕು ರಾತ್ರಿ ಹಠ ಮೊದಲಿಗಿಂತ ಜಾಸ್ತಿಯಾಯಿತು. ಹೀಗಾಗುತ್ತದೆ ಎಂದು ಮೇಡಂ ಮೊದಲೇ ಹೇಳಿರದಿದ್ದರೆ ನಾನು ಎರಡನೇ ರಾತ್ರಿಯೇ ಬಿಟ್ಟುಕೊಡುತ್ತಿದ್ದೆ. ಮಲಗುವ ಹೊತ್ತನ್ನು ಒಂದೇ ಸಲ ಹಿಂದಕ್ಕೆ ತರಲಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷ. ಬೇರೆ ಕೋಣೆಯಲ್ಲಿ ಮಲಗಿಸಿ ಎಂದೂ ಅವರು ಹೇಳಲಿಲ್ಲ. ಪಕ್ಕದಲ್ಲೇ ಮಲಗಲಿ, ಆದರೆ ನಿದ್ದೆಯ ಕೊನೆಯ ಹೆಜ್ಜೆಯನ್ನು ಅವನೇ ಇಡಲಿ ಎಂದರು. ತಟ್ಟಿ ತಟ್ಟಿ ನಿದ್ದೆ ಬರಿಸಿದರೆ ನಡುರಾತ್ರಿ ಎಚ್ಚರವಾದಾಗಲೂ ಅದೇ ಕೈಯನ್ನು ಹುಡುಕುತ್ತಾನಂತೆ. ಮೊದಲು ಬೆನ್ನ ಮೇಲೆ ಕೈ ಇಟ್ಟೆ, ತಟ್ಟಲಿಲ್ಲ. ಆಮೇಲೆ ಕೈ ಬರೀ ಚಾಪೆಯ ಮೇಲೆ. ತಿಂಗಳು ಕಳೆಯುವಾಗ 8.50ಕ್ಕೆ ನಿದ್ದೆ ಹೋಗುತ್ತಿದ್ದ.

ಅಂಗನವಾಡಿಯದ್ದು ಬೇರೆಯೇ ಗಂಟು. ಟೀಚರ್ ಮಲಯಾಳದವರು, ಒಳ್ಳೆಯವರು. ಪುಟ್ಟನಿಗೆ ಮನೆಯ ಕನ್ನಡ ಬಿಟ್ಟರೆ ಬೇರೆ ಬಾರದು. ಆಟಿಕೆ ಬೇಕು ಎನ್ನಲು ಶಬ್ದ ಇಲ್ಲದವನು ಹಲ್ಲನ್ನು ಉಪಯೋಗಿಸಿದ್ದ. "ವೇಣಂ" (ಬೇಕು), "ವೇಂಡ" (ಬೇಡ) ಎಂಬ ಎರಡು ಶಬ್ದ ಮೊದಲು ಕಲಿಸಿ ಎಂದರು ಮೇಡಂ. ಎರಡು ಭಾಷೆಯಿಂದ ಮಗುವಿನ ತಲೆ ಕೆಡುವುದಿಲ್ಲ, ಮನೆಯಲ್ಲಿ ಕನ್ನಡ ಬಿಡಬೇಡಿ ಎಂದೂ ಹೇಳಿದರು. ನಾವು ಅಜ್ಜ ಮೊಮ್ಮಗನ ಆಟ ಮಾಡಿ ಕಲಿಸಿದೆವು. ಮಾವ ಬೆಲ್ಲದ ತುಂಡು ಹಿಡಿದು "ವೇಣೋ?" ಎಂದು ಕೇಳುವುದು, ಅವನು "ವೇಣಂ" ಎನ್ನುವುದು. ಕಚ್ಚುವುದು ನಿಲ್ಲಲು ಎರಡು ತಿಂಗಳು ಹಿಡಿಯಿತು. ಹೊಡೆದಾಗ ನಾವೂ ಬೊಬ್ಬೆ ಹಾಕುವುದನ್ನು ಬಿಟ್ಟೆವು. ಪೆಟ್ಟು ತಿಂದವರನ್ನು ಮೊದಲು ನೋಡುವುದು, ಅವನಿಗೆ "ಹೊಡೆಯಬಾರದು" ಎಂದು ಒಂದೇ ಮಾತು. ಚಪ್ಪಲಿ ಸರಿಯಾಗಿ ಇಟ್ಟರೆ ಅದನ್ನು ಹೆಸರು ಹಿಡಿದು ಹೊಗಳುವುದು. ಇದು ಅತ್ತೆಗೆ ನನಗಿಂತ ಬೇಗ ಬಂತು.

ಈಗಲೂ ಜ್ವರ ಬಂದಾಗ, ಜಾತ್ರೆಗೆ ಹೋಗಿ ತಡವಾದಾಗ ಒಮ್ಮೊಮ್ಮೆ ಎದ್ದು ಕಿರುಚುತ್ತಾನೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹೆದರಿಕೆಯಿಲ್ಲ. ನಡುರಾತ್ರಿ ಒಬ್ಬಳೇ ಕೂತು ಏನು ಮಾಡುವುದೆಂದು ತಿಳಿಯದ ಅಮ್ಮಂದಿರಿಗೆ 14416 ಎಂಬ ನಂಬರು ಗೊತ್ತಿರಲಿ. ಟೆಲಿ ಮಾನಸ್ ಎಂದು ಹೆಸರು, ಮನಸ್ಸಿನ ಕಷ್ಟಕ್ಕೆ ಸರಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವನ್ನು ಆರಿಸಿಕೊಂಡು ಮಾತಾಡಬಹುದು. ಆ ಜೂನ್ ತಿಂಗಳಲ್ಲಿ ನನಗೆ ಯಾರಾದರೂ ಇದನ್ನು ಹೇಳಿದ್ದರೆ ಎಂದು ಆಸೆಯಾಗುತ್ತದೆ.

ಮೊನ್ನೆ ಪುನಃ ಮಳೆ, ಕರೆಂಟಿಲ್ಲ, ಫೋನಿನಲ್ಲಿ ಚಾರ್ಜೂ ಇಲ್ಲ. ಕತ್ತಲಲ್ಲಿ ನಾನೇ ನರಿಯ ಕಥೆ ಶುರು ಮಾಡಿದೆ. ನರಿ ತೋಟದ ಬೇಲಿ ಹಾರಿತು ಎಂದೆ.

"ಅಪ್ಪ ಹಾಗೆ ಹೇಳುದಿಲ್ಲ" ಎಂದ ಪುಟ್ಟ. "ನರಿ ಮೊದಲು ಅಜ್ಜನ ಅಂಗಿ ಮೂಸಿ ನೋಡ್ತದೆ."

ಸರಿ, ಮೂಸಿ ನೋಡಿತು ಎಂದೆ. ಆಮೇಲೆ ಎಂತಾಯ್ತು ಎಂದು ಕೇಳಿದರೆ ಉತ್ತರ ಬರಲಿಲ್ಲ. ಉಸಿರು ಉದ್ದವಾಗಿತ್ತು.